ಯಾರಿಗೆ ರಜೆ, ಯಾರಿಗೆ ದುಡಿಮೆ?

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಾಸ್ಟೆಲ್ ಗೆಳೆಯರೆ,

ಮೇಷ್ಟ್ರಿಗೆ ಓದೋಕೆ ರಜೆ ಕೊಡಬೇಕು, ಸಂಬಳಾನೂ ಕೊಡಬೇಕು. ಇದರಲ್ಲಿ ನಮ್ಮ ತಕರಾರಿಲ್ಲ. ಇಪ್ಪತ್ತು ವರ್ಷದ ಹಳೇ ನೋಟ್ಸು ಓದಿ ಹೇಳುವ ಮೇಷ್ಟ್ರಿಂದ ಮೊದಲು ಕೆಡುವವರು ನಾವೇ. ದುಡ್ಡಿದ್ದವನು ಟ್ಯೂಷನ್ನಿಗೆ ಹೋಗುತ್ತಾನೆ, ನಮಗೆ ಕ್ಲಾಸೇ ಗತಿ. ಆದರೆ ಈ ರಜೆ ಯಾರ ಪಾಲಿಗೆ ಬರುತ್ತಿದೆ?

ಯುಜಿಸಿಯ 2018ರ ನಿಯಮಾವಳಿ ತೆಗೆದು ನೋಡಿ. ಸಹಾಯಕ ಪ್ರಾಧ್ಯಾಪಕರಿಗೆ ಮೂರು ವರ್ಷ ಸೇವೆಯಾದ ಮೇಲೆ ಅಧ್ಯಯನ ರಜೆ, ಎರಡು ವರ್ಷ, ಬೇಕಾದರೆ ಇನ್ನೂ ಒಂದು. ಮೇಲಿನವರಿಗೆ ಏಳು ವರ್ಷಕ್ಕೆ ಸಬ್ಬ್ಯಾಟಿಕಲ್, ಪೂರ್ತಿ ಸಂಬಳದ ಸಮೇತ. ಎಲ್ಲ ಸರಿ. ಆದರೆ 'ಕಾಯಂ' ಅನ್ನೋ ಒಂದು ಪದ ಬಾಗಿಲಲ್ಲೇ ಕಾವಲು ನಿಂತಿದೆ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ 'ಅತಿಥಿ' ಉಪನ್ಯಾಸಕರು. ಅತಿಥಿಯಂತೆ! ನಮ್ಮ ಕೇರಿಯಲ್ಲಿ ಅತಿಥಿಗೆ ಮೊದಲು ಊಟ ಹಾಕುತ್ತೇವೆ. ಇವರು 2023ರ ನವೆಂಬರಿನಲ್ಲಿ ಕಾಯಂ ಮಾಡಿ ಅಂತ ಬೀದಿಗಿಳಿದರು, 2024ರ ಜನವರಿಯಲ್ಲಿ ತುಮಕೂರಿಂದ ಬೆಂಗಳೂರಿಗೆ ನಡೆದೇ ಹೊರಟರು. ಪೀಣ್ಯದ ಕಾರ್ಖಾನೆಗಳ ಪಕ್ಕ ಹಾಯುವುದು ಅದೇ ತುಮಕೂರು ರಸ್ತೆ. ಗುತ್ತಿಗೆ ಅಂದರೇನು ಅಂತ ಪೀಣ್ಯಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಒಂದೇ ಮೆಷಿನ್ನು, ಇಬ್ಬರು ಆಳು, ಎರಡು ಸಂಬಳ. ಕಾಲೇಜಿನ ಸ್ಟಾಫ್ ರೂಮೂ ಈಗ ಹಾಗೇ ಆಗಿದೆ. ಆ ಹೋರಾಟಕ್ಕೆ ಬಗ್ಗಿ ಸರ್ಕಾರ ಗೌರವಧನ ಏರಿಸಿತು, ಜೊತೆಗೆ ತಿಂಗಳಿಗೆ ಒಂದು ದಿನ ಸಂಬಳದ ರಜೆ. ಒಂದು ದಿನದಲ್ಲಿ ಯಾವ ಪಿಎಚ್.ಡಿ. ಆಗುತ್ತೆ ಸ್ವಾಮಿ? ಗೈಡನ್ನು ಕಾಯೋದಕ್ಕೇ ಸಾಲದು.

ಇನ್ನೊಂದು ಚೋದ್ಯ. ಕೆಲಸದಲ್ಲಿದ್ದು ಪಿಎಚ್.ಡಿ. ಮಾಡುವವರನ್ನು ಕೋರ್ಸ್‌ವರ್ಕಿಗೆ ಬೇಕಾದರೆ ಬಿಡುಗಡೆ ಮಾಡುತ್ತೇವೆ ಅಂತ ಕಾಲೇಜು ಬರೆದುಕೊಡಬೇಕು. ಇದು 2022ರ ನಿಯಮ. ಕಾಯಂ ಮೇಷ್ಟ್ರಿಗೆ ಬಿಡುಗಡೆ ಅಂದರೆ ರಜೆ. ಅತಿಥಿಗೆ ಬಿಡುಗಡೆ ಅಂದರೆ ಮನೆದಾರಿ.

ಇನ್ನು ನಮ್ಮವರ ಹುದ್ದೆಗಳು. ತುಂಬದೆ ಬ್ಯಾಕ್‌ಲಾಗ್ ಅಂತ ಹೆಸರಿಟ್ಟು ಕೂರಿಸುತ್ತಾರೆ. ಹುದ್ದೆ ಖಾಲಿ ಬಿದ್ದರೆ ಅದರ ರಜೆಯೂ, ಆ ರಜೆಯಲ್ಲಿ ಬರೆಯಬಹುದಾಗಿದ್ದ ಪುಸ್ತಕವೂ ಖಾಲಿ. ಹಿಂದೆ ರಾಜರು ಅಗ್ರಹಾರ ದಾನ ಕೊಟ್ಟು ಒಂದು ಜಾತಿಯನ್ನು ತಲೆಮಾರುಗಟ್ಟಲೆ ಓದಲು ಕೂರಿಸಿದರಲ್ಲ, ಅದೇನು? ಅದೂ ಸಂಬಳದ ಅಧ್ಯಯನ ರಜೆಯೇ! ಗದ್ದೆ ಉತ್ತವರು, ಭತ್ತ ಬಡಿದವರು ನಮ್ಮ ತಾತ ಮುತ್ತಾತಂದಿರು. ಆಗ ಮೆರಿಟ್ಟಿನ ಮಾತು ಯಾರೂ ಎತ್ತಲಿಲ್ಲ.

ಬಾಬಾಸಾಹೇಬರು 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಲಂಡನ್ನಿನ ಓದು ಅರ್ಧಕ್ಕೆ ನಿಂತಿತ್ತು. ಮುಗಿಸಲು 1920ರಲ್ಲಿ ಕೆಲಸಕ್ಕೇ ರಾಜೀನಾಮೆ ಕೊಟ್ಟು ಹೋದರು. ಸಂಬಳದಲ್ಲಿ ಉಳಿಸಿದ್ದು, ಗೆಳೆಯ ನವಲ್ ಭಾತೇನಾ ಕೊಟ್ಟ ಸಾಲ, ಶಾಹು ಮಹಾರಾಜರ ನೆರವು, ಇಷ್ಟೇ ಗಂಟು. "ಅವರು ಕಷ್ಟಪಟ್ಟು ಓದಲಿಲ್ಲವೇ, ನೀವೂ ಓದಿ" ಅಂತ ಉಪದೇಶ ಮಾಡುವ ದೊಡ್ಡವರಿದ್ದಾರೆ. ಅವರು ಮೊದಲು ತಮ್ಮ ಸಬ್ಬ್ಯಾಟಿಕಲ್ ವಾಪಸ್ ಕೊಟ್ಟು ಬರಲಿ.

ಅತಿಥಿಯಾಗಿ ದುಡಿದ ವರ್ಷಗಳನ್ನೂ ಸೇವೆ ಅಂತ ಲೆಕ್ಕ ಹಿಡಿಯಿರಿ, ಅವರಿಗೂ ಸಂಬಳದ ಅಧ್ಯಯನ ರಜೆ ಕೊಡಿ, ಬ್ಯಾಕ್‌ಲಾಗ್ ತುಂಬಿ. ಇದು ನಮ್ಮ ಬೇಡಿಕೆ. ಹಾಸ್ಟೆಲಿನಲ್ಲಿ ಕೂತೇ ಮಾಡುವ ಕೆಲಸವೂ ಒಂದಿದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಿಮ್ಮ ವಿಶ್ವವಿದ್ಯಾಲಯಕ್ಕೆ ಬರೆಯಿರಿ: ಹತ್ತು ವರ್ಷದಲ್ಲಿ ಅಧ್ಯಯನ ರಜೆ ಎಷ್ಟು ಜನಕ್ಕೆ ಕೊಟ್ಟಿರಿ, ಪರಿಶಿಷ್ಟರು ಎಷ್ಟು, ಅವರು ರಜೆಯಲ್ಲಿದ್ದಾಗ ಪಾಠ ಮಾಡಿದವರು ಯಾರು, ಅವರಿಗೆ ಕೊಟ್ಟಿದ್ದೆಷ್ಟು? 30 ದಿನದೊಳಗೆ ಉತ್ತರ ಕೊಡಲೇಬೇಕು. ಬಂದ ದಿನವೇ ಹಾಸ್ಟೆಲ್ ನೋಟೀಸ್ ಬೋರ್ಡಿಗೆ ಅಂಟಿಸಿ, ನಮಗೂ ಒಂದು ಪ್ರತಿ ಕಳಿಸಿ.