ಕಿರಣಾಯುಧದ ಕಾಲದಲ್ಲಿ ಕತ್ತಿಯ ಕಾಳಗ

ಮುಂಬರುವ ಶತಮಾನಗಳ ಯುದ್ಧಗಳನ್ನು ವರ್ಣಿಸುವ ವಿಜ್ಞಾನ ಕಥೆಗಳಲ್ಲಿ ಒಂದು ವಿಚಿತ್ರವನ್ನು ನಮ್ಮ ತರುಣ ವಾಚಕರು ಗಮನಿಸಿರಬಹುದು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಬಲ್ಲ ಜನ, ಗುಂಡಿಯೊಂದನ್ನೊತ್ತಿ ಬೆಟ್ಟವನ್ನೇ ಕರಗಿಸಬಲ್ಲ ಜನ, ಕಟ್ಟಕಡೆಗೆ ಎದುರುಬದುರು ನಿಂತು ಕತ್ತಿ ಹಿಡಿದು ಹೊಡೆದಾಡುತ್ತಾರೆ. ಇದನ್ನು ಕಂಡು ನಗುವವರುಂಟು. ಫಿರಂಗಿ ಬಂದೊಡನೆ ಮೂಲೆ ಸೇರಿದ ಕತ್ತಿ ಲೇಸರಿನ ಕಾಲದಲ್ಲಿ ಮತ್ತೆ ತಲೆಯೆತ್ತುವುದುಂಟೆ ಎಂದು ಅವರ ಪ್ರಶ್ನೆ. ನಾವು ಆ ಗುಂಪಿಗೆ ಸೇರಿದವರಲ್ಲ. ಕತ್ತಿಯನ್ನು ನಾವು ಒಪ್ಪಬಲ್ಲೆವು. ನಮ್ಮ ಆಕ್ಷೇಪವಿರುವುದು ಆ ಕಥೆಗಳ ಕಿರಣದ ಮೇಲೆ.

ಕತ್ತಿಗೆ ಇಂತಹ ಕಥೆಯಲ್ಲಿ ಸ್ಥಾನ ದೊರೆಯಬೇಕಾದರೆ ಅದಕ್ಕೊಂದು ಕಾರಣ ಬೇಕು. ಆ ಕಾರಣವನ್ನು ಒದಗಿಸುವ ಹೊಣೆ ಲೇಖಕನದು. ಅಮೆರಿಕದ ಫ್ರಾಂಕ್ ಹರ್ಬರ್ಟ್ ೧೯೬೫ರಲ್ಲಿ ಪುಸ್ತಕರೂಪವಾಗಿ ಹೊರತಂದ 'ಡ್ಯೂನ್' ಕಾದಂಬರಿಯಲ್ಲಿ ಈ ಹೊಣೆಯನ್ನು ನಿರ್ವಹಿಸಿದ ರೀತಿ ಮೆಚ್ಚತಕ್ಕದ್ದು. ಅಲ್ಲಿಯ ಯೋಧರು ಬಲಕ್ಷೇತ್ರವೊಂದನ್ನು ಕವಚದಂತೆ ಮೈಸುತ್ತ ತೊಡುತ್ತಾರೆ. ವೇಗವಾಗಿ ಬರುವ ಯಾವ ವಸ್ತುವನ್ನೂ ಅದು ಒಳಗೆ ಬಿಡದು. ಆದುದರಿಂದ ಬಂದೂಕಿನ ಗುಂಡು ನಿಷ್ಪ್ರಯೋಜಕ. ಮೆಲ್ಲನೆ ಚಲಿಸುವ ವಸ್ತು ಮಾತ್ರ ಒಳಹೊಗಬಲ್ಲುದು. ಲೇಸರ್ ಕಿರಣ ಆ ಕವಚವನ್ನು ತಾಕಿದರೆ ಪರಮಾಣು ಬಾಂಬಿನಂತಹ ಸ್ಫೋಟವುಂಟಾಗಿ, ಹೊಡೆದವನೂ ಹೊಡೆಸಿಕೊಂಡವನೂ ಒಟ್ಟಿಗೆ ನಾಶವಾಗಬಹುದು. ಹೀಗಿರಲು ಕಿರಣವನ್ನು ಬಳಸುವ ಧೈರ್ಯ ಯಾರಿಗೆ? ಉಳಿಯುವುದು ಚೂರಿಯೊಂದೇ. ಅದನ್ನೂ ಬಿರುಸಾಗಿ ಬೀಸುವಂತಿಲ್ಲ. ಕವಚದ ಬಳಿ ಬಂದಾಗ ತಡೆದು, ನಿಧಾನವಾಗಿ ತೂರಿಸಬೇಕು.

ಲೇಖಕ ಇಲ್ಲಿಗೇ ನಿಲ್ಲುವುದಿಲ್ಲ. ಅದೇ ಕಾದಂಬರಿಯ ಮರಳುಗಾಡಿನಲ್ಲಿ ಈ ಕವಚಗಳು ದೈತ್ಯಾಕಾರದ ಹುಳುಗಳನ್ನು ಕೆರಳಿಸಿ ಹತ್ತಿರಕ್ಕೆ ಸೆಳೆಯುವುದರಿಂದ, ಮರಳುಗಾಡಿನ ಜನ ಕವಚವಿಲ್ಲದೆಯೇ ಹೋರಾಡಲು ಕಲಿತವರು. ಅರಮನೆಯಲ್ಲಿ ಬೆಳೆದ ಕಥಾನಾಯಕ ಪಾಲ್, ಅವರಲ್ಲೊಬ್ಬನಾದ ಜಾಮಿಸ್ ಎಂಬುವನೊಡನೆ ದ್ವಂದ್ವಯುದ್ಧಕ್ಕೆ ನಿಲ್ಲಬೇಕಾಗುತ್ತದೆ. ಪಾಲನ ರಕ್ಷಣೆ ಮಿಂಚಿನಂತಹುದು; ಆದರೆ ಎದುರಾಳಿಯ ಮೈಬಳಿ ಚೂರಿ ಒಯ್ದಾಗಲೆಲ್ಲ, ಮೈಗೂಡಿದ ಅಭ್ಯಾಸದಿಂದಾಗಿ ಅವನ ಕೈ ತಾನೇ ತಾನಾಗಿ ನಿಧಾನಿಸುತ್ತದೆ. ಇಲ್ಲದ ಕವಚವನ್ನು ಆ ಕೈ ಇದೆಯೆಂದೇ ಭಾವಿಸಿದೆ! ನೋಡುತ್ತಿದ್ದವರಿಗೆ, ಈ ಹುಡುಗ ಎದುರಾಳಿಯನ್ನು ಕೊಲ್ಲದೆ ಆಟವಾಡಿಸುತ್ತಿದ್ದಾನೆ ಎಂದು ತೋರುತ್ತದೆ. ಇಂತಹ ಬಲಕ್ಷೇತ್ರವೊಂದನ್ನು ಭೌತಶಾಸ್ತ್ರ ಅರಿಯದು. ಅದು ನಮಗೆ ಅಡ್ಡಿಯಲ್ಲ. ಒಂದು ಕಲ್ಪನೆಯನ್ನು ಒಪ್ಪಿಕೊಂಡ ಮೇಲೆ ಮಿಕ್ಕುದೆಲ್ಲ ಅದಕ್ಕೆ ಸರಿಹೊಂದಿ ನಡೆಯುತ್ತದೆಯೆ ಎಂಬುದೇ ನೋಡಬೇಕಾದ ಸಂಗತಿ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮ ಮೊದಲೇ ತಿಳಿದಿರುವುದರಿಂದಲ್ಲವೆ ಭೀಮನ ಗದೆ ದುರ್ಯೋಧನನ ತೊಡೆಗೆ ಬಿದ್ದಾಗ ನಾವು ಬೆಚ್ಚುವುದು? ದಿವ್ಯಾಸ್ತ್ರಗಳೆಲ್ಲ ಮುಗಿದ ಮೇಲೆ ಗದೆಯ ಕಾಳಗಕ್ಕೇ ಬಂದು ನಿಂತ ಕಥೆಯನ್ನು ರನ್ನನಲ್ಲಿ ಓದಿದ ಕನ್ನಡಿಗರಿಗೆ ಈ ಮಾತು ಹೊಸದಲ್ಲ.

ಜೋ ಹಾಲ್ಡ್‌ಮನ್ ಎಂಬ ಲೇಖಕರು ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಹಿಂದಿರುಗಿದ ಯೋಧರು. ಅವರ 'ದಿ ಫಾರೆವರ್ ವಾರ್' ೧೯೭೪ರಲ್ಲಿ ಪುಸ್ತಕವಾಗಿ ಬಂದಿತು. ಅದರಲ್ಲಿ ಒಂದು ಕ್ಷೇತ್ರವುಂಟು. ಅದರೊಳಗೆ ಯಾವುದೂ ಸೆಕೆಂಡಿಗೆ ೧೬.೩ ಮೀಟರಿಗಿಂತ ವೇಗವಾಗಿ ಚಲಿಸಲಾರದು. ಲೇಸರ್ ಅಲ್ಲಿ ಸತ್ತಂತೆಯೇ. ಆದುದರಿಂದ ನಕ್ಷತ್ರಲೋಕದ ಸೈನಿಕರು ಬಿಲ್ಲು ಬಾಣ, ಕತ್ತಿಗಳನ್ನು ಹಿಡಿಯುತ್ತಾರೆ. ಈ ವೇಗದಲ್ಲಿ ಹೊರಟ ಬಾಣ ನಮ್ಮ ಭೂಮಿಯ ಮೇಲೆ ಎಷ್ಟು ದೂರ ಹೋದೀತೆಂದು ಕಾಲೇಜು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ೪೫ ಡಿಗ್ರಿ ಕೋನದಲ್ಲಿ ಬಿಟ್ಟರೂ ಅದು ಸುಮಾರು ೨೭ ಮೀಟರಿಗೆ ನೆಲ ಮುಟ್ಟುವುದು. ವೇಗದ ಬೌಲರನೊಬ್ಬನ ಕೈಯಿಂದ ಹೊರಟ ಕ್ರಿಕೆಟ್ ಚೆಂಡಿನ ವೇಗ ಇದರ ಎರಡರಷ್ಟಕ್ಕೂ ಹೆಚ್ಚು. ಇಷ್ಟು ಮಂದವಾದ ಬಾಣಗಳ ನಡುವೆ ಕಾದುವುದು ಹೇಗಿರುತ್ತದೆಂಬ ಯೋಚನೆಯೇ ಓದುಗನನ್ನು ಹಿಡಿದು ನಿಲ್ಲಿಸುತ್ತದೆ.

ಇನ್ನು ಕಿರಣದ ವಿಷಯ. ಕತ್ತಿಯ ಮೇಲೆ ಇಷ್ಟು ಶ್ರಮ ವಹಿಸುವ ಕಥೆಗಾರರು ಕಿರಣದ ಬಗ್ಗೆ ತೀರ ಉದಾಸೀನರು. ೧೮೯೮ರಲ್ಲಿ ಪುಸ್ತಕವಾದ ಎಚ್. ಜಿ. ವೆಲ್ಸನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಉಪಯೋಗಿಸುವ ಉಷ್ಣಕಿರಣ ಕಣ್ಣಿಗೆ ಕಾಣದು. ಅದು ತಾಕಿದ ಮರ ಹೊತ್ತಿಕೊಂಡಾಗಲೇ ಅದರ ಇರವು ತಿಳಿಯುವುದು. ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದ್ದು ೧೯೬೦ರ ಮೇ ೧೬ರಂದು. ಅದಕ್ಕೆ ಅರವತ್ತೆರಡು ವರ್ಷ ಮೊದಲೇ ವೆಲ್ಸನಿಗೆ ಹೊಳೆದಿದ್ದ ಸತ್ಯವನ್ನು ಆಮೇಲಿನವರು ಕೈಬಿಟ್ಟರು. ೧೯೭೭ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿಯೂ ಅದನ್ನು ಅನುಸರಿಸಿದ ಹಲವಾರು ಚಿತ್ರಗಳಲ್ಲಿಯೂ ಕೆಂಪು ಹಸಿರು ಗೆರೆಗಳು ಸದ್ದು ಮಾಡುತ್ತ ನಿರ್ವಾತದಲ್ಲಿ ಹಾರುತ್ತವೆ. ನಾಯಕನು ಅವು ಬರುವುದನ್ನು ಕಂಡು ಪಕ್ಕಕ್ಕೆ ಸರಿಯುತ್ತಾನೆ. ಬೆಳಕು ನೂರು ಮೀಟರ್ ದೂರವನ್ನು ದಾಟಲು ಸೆಕೆಂಡಿನ ಮೂವತ್ತು ಲಕ್ಷದಲ್ಲೊಂದು ಪಾಲು ಸಾಕು. ಮನುಷ್ಯನಿಗೆ ಕಂಡುದಕ್ಕೆ ಪ್ರತಿಕ್ರಿಯೆ ತೋರಲು ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು. ಅದು ಬೆಳಕಲ್ಲ, ಕಾದ ಪ್ಲಾಸ್ಮಾ ಎಂದು ವಾದಿಸುವ ಅಭಿಮಾನಿಗಳುಂಟು. ಹಾಗಾದರೆ, ಹಿಡಿದಿಡುವ ಪಾತ್ರೆಯಿಲ್ಲದ ಆ ಕಾದ ಅನಿಲ ಚೆದರಿಹೋಗದೆ ಗುರಿಯನ್ನು ಮುಟ್ಟಿದ್ದು ಹೇಗೆಂದು ಅವರೇ ಹೇಳಬೇಕು.

ನಿಜವಾದ ಕಿರಣಕ್ಕೆ ಅದರದೇ ಕಷ್ಟಗಳುಂಟು. ವಿವರ್ತನೆಯೆಂಬ ಗುಣದಿಂದಾಗಿ ಯಾವ ಕಿರಣವೂ ಕೊನೆಯವರೆಗೆ ನೂಲಿನಂತೆ ಸಾಗದು. ಹೋಗುತ್ತ ಹೋಗುತ್ತ ಅಗಲವಾಗುವುದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ತರಂಗದೂರವುಳ್ಳ ಬೆಳಕನ್ನು ೧೦ ಸೆಂಟಿಮೀಟರ್ ಅಗಲದ ಕನ್ನಡಿಯಿಂದ ಬಿಟ್ಟರೆ, ಸಾವಿರ ಕಿಲೋಮೀಟರ್ ದೂರದಲ್ಲಿ ಅದರ ಮಚ್ಚೆ ಸುಮಾರು ೨೪ ಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತದೆ. ಅಷ್ಟು ಹರಡಿದ ಬೆಳಕು ಯಾವ ಹಡಗನ್ನು ಸುಟ್ಟೀತು?

ಹತ್ತಿರದಲ್ಲಿಯೂ ಕೆಲಸ ಸುಲಭವಲ್ಲ. ಒಂದು ಸೆಂಟಿಮೀಟರ್ ದಪ್ಪದ ಕಬ್ಬಿಣದ ತಗಡಿನಲ್ಲಿ ಎರಡು ಸೆಂಟಿಮೀಟರ್ ಅಗಲದ ತೂತನ್ನು ಕರಗಿಸಿ ತೆಗೆಯಲು ಸುಮಾರು ೩೦ ಕಿಲೋಜೂಲ್ ಶಕ್ತಿ ಬೇಕು. ಬೆಳಕಿನ ಒಂದು ಭಾಗ ಪ್ರತಿಫಲನಗೊಂಡು ವ್ಯರ್ಥವಾಗುವುದನ್ನು ನಾವಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅಮೆರಿಕದ ನೌಕಾಪಡೆ ೨೦೧೪ರಲ್ಲಿ 'ಪೋನ್ಸ್' ಎಂಬ ಹಡಗಿನ ಮೇಲೆ ಸ್ಥಾಪಿಸಿದ ಲೇಸರಿನ ಸಾಮರ್ಥ್ಯ ೩೦ ಕಿಲೋವಾಟ್. ನಮ್ಮ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ೨೦೨೫ರ ಏಪ್ರಿಲ್‌ನಲ್ಲಿ ಕರ್ನೂಲಿನ ಬಳಿ ಪರೀಕ್ಷಿಸಿ, ಚಾಲಕರಹಿತ ವಿಮಾನವನ್ನು ಕೆಡವಿದ ಲೇಸರಿನದೂ ಅಷ್ಟೇ. ಎಂದರೆ ಇಂತಹ ಯಂತ್ರವೂ ಗುರಿಯ ಒಂದೇ ಬಿಂದುವಿನ ಮೇಲೆ ಕಿರಣವನ್ನು ಅಲುಗದಂತೆ ಹಿಡಿದು ನಿಲ್ಲಿಸಿರಬೇಕು. ಕಥೆಯಲ್ಲಿ ಕಾಣುವಂತೆ ಕಣ್ಣೆವೆಯಿಕ್ಕುವಷ್ಟರಲ್ಲಿ ಹೊಡೆದು ಓಡಿಹೋಗುವಂತಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಹೊಡೆಯುವವನ ಕೈಯಲ್ಲಿಯೇ ಇದೆ. ಯಂತ್ರದ ದಕ್ಷತೆ ಮೂರರಲ್ಲೊಂದು ಪಾಲೆಂದು ಇಟ್ಟುಕೊಳ್ಳೋಣ. ೩೦ ಕಿಲೋವಾಟ್ ಬೆಳಕಾಗಿ ಹೊರಹೋದರೆ ೬೦ ಕಿಲೋವಾಟ್ ಕಾವಾಗಿ ಯಂತ್ರದಲ್ಲಿಯೇ ಉಳಿಯುವುದು. ಅಷ್ಟು ಕಾವು ಒಂದು ಲೀಟರ್ ತಣ್ಣೀರನ್ನು ಐದಾರು ಸೆಕೆಂಡುಗಳಲ್ಲಿ ಕುದಿಯುವ ಮಟ್ಟಕ್ಕೆ ತರಬಲ್ಲುದು. ಅದನ್ನು ಪಿಸ್ತೂಲಿನಂತೆ ಕೈಯಲ್ಲಿ ಹಿಡಿದವನ ಗತಿಯೇನು? ಗಾಳಿಯಿಲ್ಲದ ಅಂತರಿಕ್ಷದಲ್ಲಿ ಈ ಕಾವನ್ನು ಸಾಗಹಾಕುವುದು ಇನ್ನೂ ಕಷ್ಟ, ವಿಕಿರಣವೊಂದೇ ದಾರಿ.

ಚತುರನಾದ ಕಥೆಗಾರನಿಗೆ ಇದೊಂದು ನಿಧಿಯಲ್ಲವೆ? ಕೆಲವು ಸೆಕೆಂಡು ಹೊಡೆದ ಮೇಲೆ ಆಯುಧ ಆರುವವರೆಗೆ ಯೋಧನು ಕಾಯಲೇಬೇಕು. ಕಾದ ಆಯುಧ ಅವಕೆಂಪು ಕಿರಣಗಳನ್ನು ಬೀರುತ್ತ ಅವನು ಅಡಗಿರುವ ಜಾಗವನ್ನು ಶತ್ರುವಿಗೆ ಸಾರಿ ಹೇಳುತ್ತದೆ. ಎದುರಾಳಿಗೆ ಹೊಗೆ, ಧೂಳು, ಮಂಜುಗಳೇ ಗುರಾಣಿ. ಆಯುಧ ತಣಿಯುವ ಆ ಅರ್ಧ ನಿಮಿಷದಲ್ಲಿ ಹೊಗೆಯ ಮರೆಯಿಂದ ಚೂರಿ ಹಿಡಿದು ನುಗ್ಗಿ ಬರುವ ಸೈನಿಕನಿಗೆ ಯಾವ ಮಾಯಾಕವಚದ ನೆರವೂ ಬೇಕಿಲ್ಲ. ಹರ್ಬರ್ಟ್ ಒಂದು ಬಲಕ್ಷೇತ್ರವನ್ನೇ ಕಲ್ಪಿಸಿ ಪಡೆದ ಕೈಕಾಳಗವನ್ನು ಉಷ್ಣಶಾಸ್ತ್ರ ತಾನಾಗಿಯೇ ಒದಗಿಸಿಕೊಡುತ್ತದೆ. ಇಂತಹ ಕಥೆಯನ್ನು ಕನ್ನಡದಲ್ಲಿ ನಮ್ಮ ವಿದ್ಯಾರ್ಥಿಗಳೇ ಏಕೆ ಬರೆಯಬಾರದು?

ಆದರೆ ನಮ್ಮ ಆಕ್ಷೇಪದ ತಿರುಳು ಬೇರೊಂದಿದೆ. ಕಥೆಯ ಕಿರಣ ಬಲು ಚೊಕ್ಕವಾದುದು; ತಾಕಿದವನು ಕೂಡಲೆ ಬೀಳುತ್ತಾನೆ, ಅಲ್ಲಿಗೆ ಮುಗಿಯಿತು. ನಿಜವಾದ ಲೇಸರಿಗೆ ದೇಹವನ್ನು ಸುಡುವುದು ಕಷ್ಟ, ಕಣ್ಣನ್ನು ಕೆಡಿಸುವುದು ಸುಲಭ. ಕಣ್ಣಿನ ಮಸೂರ ತನ್ನೊಳಗೆ ಬಂದ ಕಿರಣವನ್ನು ಅಕ್ಷಿಪಟಲದ ಮೇಲೆ ಸಣ್ಣ ಬಿಂದುವಾಗಿ ಕೂಡಿಸಿ, ಅದರ ತೀಕ್ಷ್ಣತೆಯನ್ನು ಸುಮಾರು ಒಂದು ಲಕ್ಷದಷ್ಟು ಹೆಚ್ಚಿಸುತ್ತದೆ. ಕಾಣುವ ಬೆಳಕಾದರೆ ರೆಪ್ಪೆ ತಾನಾಗಿ ಮುಚ್ಚಿ ಒಂದಿಷ್ಟು ಕಾಪಾಡೀತು. ಕಾಣದ ಅವಕೆಂಪು ಕಿರಣಕ್ಕೆ ರೆಪ್ಪೆಯೂ ಮುಚ್ಚದು. ದೃಷ್ಟಿ ಹೋದ ಮೇಲೆಯೇ ವಿಷಯ ತಿಳಿಯುವುದು. ಇದಕ್ಕೆ ೩೦ ಕಿಲೋವಾಟಿನ ಹಡಗು ಬೇಕಿಲ್ಲ. ಒಬ್ಬ ಸೈನಿಕ ಹೊರಬಲ್ಲ ಸಾಧನವೇ ಸಾಕು.

ಈ ಭಯದಿಂದಲೇ ೧೯೯೫ರಲ್ಲಿ ವಿಯೆನ್ನಾದಲ್ಲಿ ರಾಷ್ಟ್ರಗಳು ಸೇರಿ, ಶಾಶ್ವತ ಕುರುಡುತನವನ್ನು ಉಂಟುಮಾಡಲೆಂದೇ ರಚಿಸಿದ ಲೇಸರ್ ಆಯುಧಗಳನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿದವು. ೧೯೯೮ರಲ್ಲಿ ಅದು ಜಾರಿಗೆ ಬಂದಿತು. ಆಯುಧವೊಂದು ರಣರಂಗದಲ್ಲಿ ಬಳಕೆಗೆ ಬರುವ ಮೊದಲೇ ಅದನ್ನು ನಿಷೇಧಿಸಿದ ಉದಾಹರಣೆಗಳು ಇತಿಹಾಸದಲ್ಲಿ ಬಹಳ ಅಪರೂಪ. ಆದರೆ ಈ ನಿಷೇಧ ಅದಕ್ಕೆಂದೇ ಮಾಡಿದ ಆಯುಧಗಳಿಗೆ ಮಾತ್ರ. ಬೇರೆ ಕೆಲಸಕ್ಕೆ ಬಳಸಿದ ಲೇಸರಿನಿಂದ ಆಕಸ್ಮಿಕವಾಗಿ ಕಣ್ಣು ಹೋದರೆ ಅದು ನಿಷೇಧಕ್ಕೆ ಒಳಪಡುವುದಿಲ್ಲ. ಚಾಲಕರಹಿತ ವಿಮಾನಗಳನ್ನು ಸುಡುವ ಲೇಸರುಗಳು ಹೆಚ್ಚುತ್ತಿರುವಾಗ, ಲೋಹದಿಂದ ಪ್ರತಿಫಲಿಸಿ ಚೆದರಿದ ಬೆಳಕು ಯಾರ ಕಣ್ಣನ್ನು ಸೇರೀತೆಂಬ ಪ್ರಶ್ನೆ ಉಳಿದೇ ಇದೆ. ಇದನ್ನು ಕುರಿತು ಯೋಚಿಸಬೇಕಾದ ತರುಣರು ಕಿರಣಾಯುಧದ ಬಗ್ಗೆ ತಿಳಿಯುವುದೆಲ್ಲ ಬೆಳ್ಳಿತೆರೆಯಿಂದ. ಅಲ್ಲಿ ಎಷ್ಟೊಂದು ಕಿರಣಗಳು ಹಾರುತ್ತವೆ. ಕುರುಡನಾದ ಒಬ್ಬ ಸೈನಿಕನಾದರೂ ಕಾಣುತ್ತಾನೆಯೆ?

ಈ ವಿಷಯದಲ್ಲಿ ದೂರದೃಷ್ಟಿ ತೋರಿದವನೆಂದರೆ ಇಂಗ್ಲೆಂಡಿನ ಜಾನ್ ವಿಂಡಮ್. ಲೇಸರ್ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, ೧೯೫೧ರಲ್ಲಿ, ಅವನ 'ದಿ ಡೇ ಆಫ್ ದಿ ಟ್ರಿಫಿಡ್ಸ್' ಪ್ರಕಟವಾಯಿತು. ಒಂದು ರಾತ್ರಿ ಆಕಾಶದಲ್ಲಿ ಹಸಿರು ಬೆಳಕುಗಳು ಮಿನುಗುತ್ತವೆ. ಜನರೆಲ್ಲ ಅದನ್ನು ನೋಡಿ ಆನಂದಿಸುತ್ತಾರೆ. ಬೆಳಗಾಗುವಾಗ ನೋಡಿದವರೆಲ್ಲ ಕುರುಡರು. ಅದು ಧೂಮಕೇತುವಿನ ಆಟವಲ್ಲ, ಭೂಮಿಯನ್ನು ಸುತ್ತುತ್ತಿದ್ದ ಯಾವುದೋ ರಹಸ್ಯ ಆಯುಧ ಕೈತಪ್ಪಿದ್ದಿರಬೇಕು ಎಂಬ ಸಂಶಯ ಕಥೆ ಹೇಳುವವನಿಗೆ ಬಹಳ ತಡವಾಗಿ ಬರುತ್ತದೆ. ಅವನ ಕಣ್ಣು ಉಳಿದದ್ದು, ಆ ರಾತ್ರಿ ಅವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದುದರಿಂದ.