ಚಾಕು ತಾಗಿಸಿದ್ರೆ ಹರಡುತ್ತಂತೆ!

ಕ್ಯಾನ್ಸರ್ ಎಂಬ ಮಾತು ಬಂದ ಕೂಡಲೇ ನಮ್ಮ ಕಡೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ‘ಅದಕ್ಕೆ ಚಾಕು ತಾಗಿಸಬೇಡಿ, ಮೈಯೆಲ್ಲ ಹರಡುತ್ತೆ’ ಎಂದು. ಈ ಭಯ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ರೋಗ ಬಲಿತ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ, ಆಪರೇಷನ್ ಆಗುತ್ತದೆ, ಆದರೂ ಉಳಿಯುವುದಿಲ್ಲ. ಆಗ ತಡ ಮಾಡಿದ್ದನ್ನು ಎಲ್ಲರೂ ಮರೆಯುತ್ತಾರೆ, ತಪ್ಪೆಲ್ಲ ಚಾಕುವಿನ ತಲೆಗೆ!

ಚರ್ಮದ ಕ್ಯಾನ್ಸರ್ ಮಟ್ಟಿಗಂತೂ ಇದು ತಲೆಕೆಳಗಾದ ಮಾತು. ಬೇಗ ಗೊತ್ತಾದರೆ ಕತ್ತರಿಸಿ ತೆಗೆಯುವುದೇ ಇದಕ್ಕೆ ಮುಖ್ಯ ಮದ್ದು. ಮೊದಲು ಒಂದು ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಕ್ಯಾನ್ಸರ್ ಎಂದಾದರೆ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಕೆಲವಕ್ಕೆ ನಾಲ್ಕೈದು ಮಿಲಿಮೀಟರ್ ಸಾಕು, ಮೆಲನೋಮಕ್ಕೆ ಒಂದೆರಡು ಸೆಂಟಿಮೀಟರ್ ಬೇಕು. ಸಣ್ಣದಾದರೆ ಆ ಜಾಗಕ್ಕಷ್ಟೇ ಮರವು ಇಂಜೆಕ್ಷನ್ ಕೊಟ್ಟು ಮುಗಿಸಿ, ಅದೇ ದಿನ ಮನೆಗೆ ಕಳಿಸುವುದೂ ಉಂಟು. ದೊಡ್ಡದಾದರೆ ತೊಡೆಯ ಚರ್ಮ ತೆಗೆದು ಅಲ್ಲಿ ಕೂರಿಸುತ್ತಾರೆ. ಮೂಗು, ರೆಪ್ಪೆಯಂಥ ಜಾಗಗಳಿಗೆ 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಮೋಸ್ ರೂಪಿಸಿದ ವಿಧಾನವಿದೆ: ಒಂದೊಂದೇ ಪದರ ತೆಗೆದು, ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕೊನೆಯ ಬೇರು ಸಿಗುವವರೆಗೆ ಮುಂದುವರಿಯುವುದು.

‘ಅದೆಲ್ಲ ಬಿಳಿಯರ ಕಾಯಿಲೆ’ ಎನ್ನುವವರಿದ್ದಾರೆ. ನಮ್ಮಲ್ಲಿ ಕಡಿಮೆ, ನಿಜ. ಆದರೆ ಕಪ್ಪು ಚರ್ಮದವರಲ್ಲಿ ಅದು ಬರುವ ಜಾಗಗಳೇ ಬೇರೆ. ಅಂಗಾಲು, ಉಗುರಿನಡಿ, ಹಳೆಯ ಸುಟ್ಟ ಕಲೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿ ಮೆಲನೋಮ ಕಂಡಿತು. ಬೆರಳು ತೆಗೆಸಲು ಒಪ್ಪದೆ ಸಣ್ಣ ಶಸ್ತ್ರಚಿಕಿತ್ಸೆಗಷ್ಟೇ ಒಪ್ಪಿದರು. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ನಮ್ಮ ದೊಡ್ಡಮ್ಮನ ಮೊಣಕಾಲ ಕೆಳಗೆ ಚಿಕ್ಕಂದಿನಲ್ಲಿ ಒಲೆಯ ಬೆಂಕಿ ತಾಗಿದ ಕಲೆಯಿತ್ತು. ಎಷ್ಟೋ ವರ್ಷಗಳ ಮೇಲೆ ಅದು ಒಡೆದು ಹುಣ್ಣಾಯಿತು. ಅರಿಸಿನ, ಬೇವಿನೆಣ್ಣೆ, ಮೆಡಿಕಲ್ ಶಾಪಿನ ಮುಲಾಮು ಎನ್ನುತ್ತಾ ಒಂದೂವರೆ ವರ್ಷ ಹೋಯಿತು. ಬಯಾಪ್ಸಿ ಎಂದಾಗ ಮನೆಯಲ್ಲಿ ಪಂಚಾಯಿತಿಯೇ ನಡೆಯಿತು. ಕೊನೆಗೆ ‘ನನ್ನ ಕಾಲು, ನಾನು ಹೇಳ್ತೀನಿ’ ಎಂದು ಅವರೇ ಗಟ್ಟಿಯಾಗಿ ನಿಂತರು. ಕಾಲು ಉಳಿಯಿತು. ಬೇಗ ಹೋಗಿದ್ದರೆ ಅಷ್ಟು ದೊಡ್ಡ ತುಂಡು ತೆಗೆಯಬೇಕಾಗಿರಲಿಲ್ಲ ಎಂದು ಡಾಕ್ಟರ್ ಹೇಳಿದರು.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ‘ಸೀರೆ ಕ್ಯಾನ್ಸರ್’. ಹೌದು, ವೈದ್ಯರು ಇಟ್ಟ ಹೆಸರೇ ಅದು. ಲಂಗದ ಲಾಡಿಯನ್ನು ವರ್ಷಗಟ್ಟಲೆ ಬಿಗಿದು ಕಟ್ಟಿ ಸೊಂಟದ ಚರ್ಮ ಉಜ್ಜಿ, ಕಪ್ಪಾಗಿ, ಹುಣ್ಣಾಗಿ, ಅಪರೂಪಕ್ಕೊಮ್ಮೆ ಅದೇ ಕ್ಯಾನ್ಸರ್ ಆಗುತ್ತದೆ. ಸೊಂಟದ ಗಾಯವನ್ನು ನಮ್ಮ ಅಮ್ಮಂದಿರು ಯಾರಿಗೆ ತೋರಿಸುತ್ತಾರೆ? ಗಂಡನಿಗೂ ಹೇಳುವುದಿಲ್ಲ. ಸನ್‌ಸ್ಕ್ರೀನ್ ಯಾವುದು ಒಳ್ಳೆಯದೆಂದು ಗಂಟೆಗಟ್ಟಲೆ ಚರ್ಚಿಸುವ ನಾವು ಹೆಣ್ಣುಮಕ್ಕಳು ಒಮ್ಮೆ ‘ಅಮ್ಮ, ಲಾಡಿ ಕಟ್ಟೋ ಜಾಗ ತೋರಿಸು’ ಎಂದು ಕೇಳಬಹುದಲ್ಲ? ತಿಂಗಳಾದರೂ ಮಾಯದ ಹುಣ್ಣಿದ್ದರೆ ಮುಲಾಮು ಬದಿಗಿಟ್ಟು ಚರ್ಮದ ಡಾಕ್ಟರ್ ಬಳಿ ಕರೆದೊಯ್ಯಬೇಕು. ಬರೀ ಕಪ್ಪಾಗಿದ್ದರೆ ಲಾಡಿ ಸಡಿಲಿಸಿ, ಇಲ್ಲವೇ ಅಗಲ ಪಟ್ಟಿಯ ಲಂಗ ಹೊಲಿಸಿಕೊಡಿ. ಬೀದಿ ಕೊನೆಯ ಟೈಲರ್‌ಗೆ ಹೇಳಿದರೆ ಒಂದೇ ದಿನದ ಕೆಲಸ.