ನಾಲ್ಕು ಪದಗಳ ಸಾಕ್ಷ್ಯ

ಒಂದು ಭಾಷೆಯ ಕುಲವನ್ನು ನಿರ್ಧರಿಸಲು ಕನಿಷ್ಠ ಎಷ್ಟು ಸಾಕ್ಷ್ಯ ಬೇಕು ಎಂಬ ಪ್ರಶ್ನೆಗೆ ಪೆರುವಿನ ಪಟಗೋನ್ ಭಾಷೆ ಒಂದು ಕಠಿಣ ಪರೀಕ್ಷೆ. ಮರಾನ್ಯೋನ್ ಮತ್ತು ಚಿಂಚಿಪೆ ನದಿಗಳು ಕೂಡುವ ಹಾಯೆನ್ ಸೀಮೆಯ ಈ ನುಡಿ ಅಳಿದು ಶತಮಾನಗಳೇ ಕಳೆದಿವೆ. ಸುಮಾರು 1570ರ ಒಂದು ಸ್ಪ್ಯಾನಿಷ್ ವರದಿಯಿಂದಾಗಿ ಅದರ ನಾಲ್ಕು ಪದಗಳು ಮಾತ್ರ ಉಳಿದಿವೆ: ನೀರಿಗೆ 'ತುನಾ', ಮೆಕ್ಕೆಜೋಳಕ್ಕೆ 'ಅನಾಸ್', ಸೌದೆಗೆ 'ವಿವೆ', ಕುರಿಗೆ 'ಕೋಆರಾ'.

ಸಾವಿರ ಕಿಲೋಮೀಟರಿಗೂ ಆಚೆ, ಸುರಿನಾಮಿನ ತ್ರಿಯೊ ಮತ್ತು ವಯಾನಾ ಜನರು ಇಂದಿಗೂ ನೀರನ್ನು 'ತುನಾ' ಎಂದೂ ಮರವನ್ನು 'ವೆವೆ' ಎಂದೂ ಕರೆಯುತ್ತಾರೆ. ಇವು ಕಾರಿಬ್ ಕುಟುಂಬದ ಭಾಷೆಗಳಾಗಿರುವುದರಿಂದ ವಿದ್ವಾಂಸರು ಪಟಗೋನನ್ನೂ ಅದೇ ಕುಟುಂಬಕ್ಕೆ ಸೇರಿಸಿದ್ದಾರೆ. ಹೋಲುವ ಪದವೆಲ್ಲ ಜ್ಞಾತಿಪದವಲ್ಲ, ಅಂದರೆ ಒಂದೇ ಮೂಲಭಾಷೆಯಿಂದ ಇಳಿದು ಬಂದದ್ದಲ್ಲ; ಅದು ಎರವಲೂ ಆಗಿರಬಹುದು, ಆಕಸ್ಮಿಕವೂ ಆಗಿರಬಹುದು. ಆದರೆ ನೀರು, ಸೌದೆಗಳಂಥ ನಿತ್ಯಬಳಕೆಯ ಹೆಸರುಗಳು ಸುಲಭವಾಗಿ ಕೈಬದಲಾಗುವುದಿಲ್ಲವಾದ್ದರಿಂದ, ಅವೆರಡೂ ಒಟ್ಟಿಗೆ ಹೊಂದಿಕೊಂಡಾಗ ಆ ಸಂದೇಹದ ಬಲ ಬಹಳಷ್ಟು ಕುಗ್ಗುತ್ತದೆ. ಪಕ್ಕದ ಬಾಗುವಾ ಭಾಷೆಯ ಸ್ಥಿತಿಯೇ ಬೇರೆ: ಅದರಲ್ಲಿ ಉಳಿದಿರುವ ಮೂರು ಮಾತುಗಳ ಪೈಕಿ ನೀರಿನ 'ತುನಾ' ಹೊಂದುತ್ತದೆ, ಮೆಕ್ಕೆಜೋಳದ 'ಲಾಂಚೊ' ಹೊಂದುವುದಿಲ್ಲ; ಹೊಂದುವ ಆ ಒಂದೇ ಪದ ನೆರೆಯವರಿಂದ ಬಂದಿರಲೂಬಹುದಾದ್ದರಿಂದ ಅದರ ಮೇಲೆ ಕುಲನಿರ್ಣಯ ಮಾಡುವುದು ದುಡುಕಾದೀತು.

ಸಾಕ್ಷ್ಯದ ಈ ಬಡತನಕ್ಕೆ ಕಾಲವೊಂದೇ ಕಾರಣವಲ್ಲ. ಕಾರಿಬ್ ಕುಟುಂಬದ್ದೇ ಆದ ತಮನಾಕು ಕೂಡ ಅಳಿದಿದೆ. ಆದರೂ 1749ರಿಂದ 1767ರವರೆಗೆ ಒರಿನೊಕೊ ತೀರದಲ್ಲಿ ನೆಲೆಸಿ ಅದನ್ನು ಕಲಿತ ಜೆಸ್ಯೂಟ್ ಪಾದ್ರಿ ಫಿಲಿಪ್ಪೊ ಸಾಲ್ವತೋರೆ ಜಿಲಿಯ ಬರಹಗಳಲ್ಲಿ ಅದರ ವ್ಯಾಕರಣದ ವಿವರಗಳು ಉಳಿದಿವೆ. ಹಾಯೆನ್‌ನಲ್ಲಿ ಬರೆದುಕೊಂಡವರ ಗಮನ ಹರಿದದ್ದು ನೀರು, ಧಾನ್ಯ, ಸೌದೆ, ಕುರಿಗಳ ಕಡೆಗೆ. ಇದು ಬೀಡುಬಿಟ್ಟ ಆಳುವವನ ಬೇಡಿಕೆಯ ಪಟ್ಟಿಯಂತೆ ಕಾಣುತ್ತದೆಯೇ ಹೊರತು ಆ ಜನರ ಬದುಕಿನ ಪಟ್ಟಿಯಂತಲ್ಲ. ಕುರಿ ಯುರೋಪಿನಿಂದ ಬಂದ ಪ್ರಾಣಿ, ಮೇಲಾಗಿ ಸ್ಪ್ಯಾನಿಷರು ಲಾಮಾವನ್ನೂ 'ನಾಡಕುರಿ' ಎನ್ನುತ್ತಿದ್ದರು. ಹೀಗಾಗಿ ನಾಲ್ಕರಲ್ಲಿ ಒಂದು ಪದದ ಅರ್ಥವೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಕುಟುಂಬದೊಳಗೆ ಪಟಗೋನ್ ಯಾವ ಶಾಖೆಗೆ ಸೇರಿತ್ತು ಎಂಬುದನ್ನು ಹೇಳಲು ಧ್ವನಿಗಳ ನಿಯಮಬದ್ಧ ಹೊಂದಾಣಿಕೆಯೂ, ಕರ್ತೃ ಮತ್ತು ಕರ್ಮಗಳನ್ನು ಸೂಚಿಸಲು ಕ್ರಿಯಾಪದದ ಮುಂದೆ ಸೇರುವ ಪ್ರತ್ಯಯಗಳೂ ಬೇಕು. ಉಳಿದಿರುವ ನಾಲ್ಕು ಪದಗಳಲ್ಲಿ ಕ್ರಿಯಾಪದ ಒಂದೂ ಇಲ್ಲ.